ಮೊಟ್ಟೆ ಬೆಂದರೆ ಗಟ್ಟಿ, ಹಾಲು ಕುದಿದರೂ ಯಾಕೆ ಆಗಲ್ಲ?

ಪ್ರಶ್ನೆ (ಬಿ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ): ಸರ್, ಪ್ರೋಟೀನಿನ ಆಕಾರ ಅದರ ಅಮೈನೋ ಆಮ್ಲಗಳ ಸಾಲಿನಲ್ಲೇ ಇರುತ್ತದೆ ಅಂತ ಓದಿದೆವು. ಹಾಗಿದ್ದರೆ ಬೇಯಿಸಿದ ಮೊಟ್ಟೆ ಆರಿದ ಮೇಲೆ ಮತ್ತೆ ಲೋಳೆ ಆಗಬೇಕಲ್ವಾ? ಇನ್ನೊಂದು. ನಮ್ಮ ಮನೆಯಲ್ಲಿ ಪೇಡಾ ಮಾಡುತ್ತಾರೆ. ಖೋವಾಕ್ಕೆ ಹಾಲನ್ನು ಎಷ್ಟೋ ಹೊತ್ತು ಕುದಿಸುತ್ತಾರೆ. ಅದರಲ್ಲೂ ಪ್ರೋಟೀನ್ ಇದೆ. ಅದು ಮೊಟ್ಟೆಯ ಹಾಗೆ ಹೆಪ್ಪಾಗುವುದಿಲ್ಲ, ಯಾಕೆ?

ಉತ್ತರ (ಬಯೋಕೆಮಿಸ್ಟ್ರಿ ಉಪನ್ಯಾಸಕ, ಹುಬ್ಬಳ್ಳಿ): ಎರಡನೆಯದರಲ್ಲಿ ಮಜಾ ಜಾಸ್ತಿ ಇದೆ. ಮೊದಲು ಮೊಟ್ಟೆ ಮುಗಿಸೋಣ.

ನೀವು ಓದಿದ್ದು ಕ್ರಿಶ್ಚಿಯನ್ ಆನ್‌ಫಿನ್ಸನ್ ಅವರ ಪ್ರಯೋಗ. ರೈಬೋನ್ಯೂಕ್ಲಿಯೇಸ್ ಎಂಬ ಕಿಣ್ವದಲ್ಲಿ 124 ಅಮೈನೋ ಆಮ್ಲಗಳಿವೆ. ಅವರು ಯೂರಿಯಾ ಹಾಕಿ ಅದನ್ನು ಬಿಚ್ಚಿದರು. ಅದರ 4 ಗಂಧಕದ ಬಂಧಗಳನ್ನೂ ಮುರಿದರು. ಯೂರಿಯಾ ತೆಗೆದು ಗಾಳಿಗೆ ಬಿಟ್ಟರೆ ಅದು ತಾನಾಗಿ ಮಡಚಿಕೊಂಡು ಮತ್ತೆ ಕೆಲಸ ಶುರು ಮಾಡಿತು. ಈ ಬಂಧ ಹಾಕುವ, ಗಂಧಕವಿರುವ ಅಮೈನೋ ಆಮ್ಲ ಸಿಸ್ಟೀನ್. 8 ಸಿಸ್ಟೀನ್‌ಗಳು ಜೋಡಿಯಾಗಲು 105 ದಾರಿಗಳಿವೆ. ಅದು ಹಿಡಿದದ್ದು ಸರಿಯಾದ ಒಂದನ್ನೇ! 1972ರಲ್ಲಿ ಅವರಿಗೆ ನೊಬೆಲ್ ಬಂತು.

ಆದರೆ ಅದು ತೆಳು ದ್ರಾವಣ. ಮೊಟ್ಟೆಯ ಬಿಳಿಯಲ್ಲಿ ಸುಮಾರು 10% ಪ್ರೋಟೀನೇ, ಭಾರಿ ಗದ್ದಲ. ನೀರಿಗೆ ಒಗ್ಗದ ಅಮೈನೋ ಆಮ್ಲಗಳು ಸಾಮಾನ್ಯವಾಗಿ ಒಳಗೆ ಅಡಗಿರುತ್ತವೆ. ಬಿಸಿಗೆ ಅವು ಹೊರಬಂದು ಪಕ್ಕದ ಅಣುವಿಗೇ ಅಂಟಿಕೊಳ್ಳುತ್ತವೆ. ಸಿಸ್ಟೀನ್‌ಗಳೂ ಸಿಕ್ಕವರ ಜೊತೆ ಬಂಧ ಹಾಕಿಕೊಳ್ಳುತ್ತವೆ. ಸಾಲು ಬದಲಾಗಿಲ್ಲ, ಆದರೆ ಮರಳುವ ದಾರಿ ಮುಚ್ಚಿದೆ.

ಈಗ ಹಾಲು. ಇದರ ಪ್ರೋಟೀನಿನಲ್ಲಿ ಸುಮಾರು 80% ಕೇಸೀನ್. ಹಸುವಿನ ಬೀಟಾ ಕೇಸೀನ್‌ನಲ್ಲಿ 209 ಅಮೈನೋ ಆಮ್ಲಗಳು, ಅದರಲ್ಲಿ 35 ಪ್ರೋಲೀನ್. ಪ್ರೋಲೀನ್‌ನ ಪಕ್ಕದ ಸರಪಳಿ ಬೆನ್ನೆಲುಬಿಗೇ ತಿರುಗಿ ಉಂಗುರವಾಗುತ್ತದೆ. ಅದು ಬಂದಲ್ಲಿ ಹೀಲಿಕ್ಸ್ (ಸರಪಳಿಯ ಸುರುಳಿ) ಮುರಿಯುತ್ತದೆ. ಇಷ್ಟೊಂದು ಪ್ರೋಲೀನ್ ಇದ್ದರೆ ಗಟ್ಟಿ ಮಡಿಕೆ ಕೂರುವುದೇ ಇಲ್ಲ. ಮಡಿಕೆಯೇ ಇಲ್ಲದ್ದನ್ನು ಬಿಸಿ ಏನು ಬಿಚ್ಚೀತು? ಖೋವಾ ಗಟ್ಟಿಯಾಗುವುದು ಮುಖ್ಯವಾಗಿ ನೀರು ಆವಿಯಾಗುವುದರಿಂದ.

ಪ್ರಶ್ನೆ (ಹಾವೇರಿ): ಮತ್ತೆ ಹುಳಿ ಹಿಡಿದ ಹಾಲು ಕಾಯಿಸಿದ ಕೂಡಲೇ ಒಡೆಯುತ್ತದಲ್ಲ?

ಉತ್ತರ: ಅದು ಚಾರ್ಜ್ ವಿಷಯ. ಕೇಸೀನ್ ಸಣ್ಣ ಸಣ್ಣ ಉಂಡೆಗಳಾಗಿ ತೇಲುತ್ತಿರುತ್ತದೆ. ಉಂಡೆಯ ಮೇಲಿನ ಋಣ ಚಾರ್ಜ್ ಒಂದನ್ನೊಂದು ದೂರ ಇಡುತ್ತದೆ. ಹುಳಿ ಅದನ್ನು ಕಡಿಮೆ ಮಾಡುತ್ತದೆ, ಮೇಲೆ ಬಿಸಿಯೂ ಸೇರುತ್ತದೆ. ಪಿಎಚ್ 4.6ರ ಹತ್ತಿರ ಬಂದರೆ ಬಿಸಿಯೂ ಬೇಡ, ಸುಮ್ನೆ ಇಟ್ಟರೂ ಹೆಪ್ಪಾಗುತ್ತದೆ. ಮೊಸರು ಆಗುವುದು ಹಾಗೇ.

ಪ್ರಶ್ನೆ (ಧಾರವಾಡ): ಅಂದರೆ ಕೇಸೀನ್ ವಿಷಯದಲ್ಲಿ ಆನ್‌ಫಿನ್ಸನ್ ಮಾತು ಸುಳ್ಳಾ?

ಉತ್ತರ: ಇಲ್ಲ. ಮಡಚಿಕೊಳ್ಳಬಾರದು ಅನ್ನುವುದನ್ನೂ ಆ ಸಾಲೇ ಹೇಳುತ್ತಿದೆ. ಪರೀಕ್ಷೆಯಲ್ಲಿ ಧೈರ್ಯವಾಗಿ ಬರೆಯಿರಿ. ಸಾಲು ನೋಡಿ ಪ್ರೋಟೀನಿನ ಆಕಾರ ಊಹಿಸುವ ತಂತ್ರಾಂಶ ಆಲ್ಫಾಫೋಲ್ಡ್. ಅದರ ಡೇಟಾಬೇಸ್ ಉಚಿತ. ಅದರಲ್ಲಿ ಬೀಟಾ ಕೇಸೀನ್ ಹುಡುಕಿ, ಪಕ್ಕಕ್ಕೆ ಮಯೋಗ್ಲೋಬಿನ್ (ಚೆನ್ನಾಗಿ ಮಡಚಿಕೊಂಡ, ಸ್ನಾಯುವಿನ ಪ್ರೋಟೀನ್) ಇಟ್ಟು ನೋಡಿ. ನೀಲಿ ಅಂದರೆ ಭರವಸೆಯ ಆಕಾರ. ಹಳದಿ, ಕಿತ್ತಳೆ ಅಂದರೆ ಆ ತಂತ್ರಾಂಶಕ್ಕೇ ನಂಬಿಕೆ ಕಡಿಮೆ. ಕೇಸೀನ್‌ನಂಥ ಪ್ರೋಟೀನಿನಲ್ಲಿ ಆ ಬಣ್ಣಗಳೇ ಜಾಸ್ತಿ.