ಐದು ಭಾನುವಾರಕ್ಕೆ ಐದು ಯುದ್ಧಚಿತ್ರಗಳು: ಯಾವ ಅಳತೆಗೋಲಿನಿಂದ ಆರಿಸಬೇಕು?

ಭಾನುವಾರದ ಪ್ರೇಕ್ಷಕ (ಪ್ರಶ್ನೆ):

ನಮ್ಮ ಪಟ್ಟಣದ ಗ್ರಂಥಾಲಯದ ಮಹಡಿಯಲ್ಲಿ ನಾವು ಮೂವತ್ತು ಮಂದಿ ಆಗಾಗ ಸೇರಿ ಚಿತ್ರ ನೋಡುತ್ತೇವೆ, ನೋಡಿದ ಮೇಲೆ ಚಹಾ ಕುಡಿಯುತ್ತ ವಾದಿಸುತ್ತೇವೆ. ಈ ಸಲ ಐದು ಭಾನುವಾರಗಳನ್ನು ಯುದ್ಧಚಿತ್ರಗಳಿಗೆ ಮೀಸಲಿಡೋಣವೆಂದು ಒಪ್ಪಿಕೊಂಡೆವು. ಆದರೆ ಯಾವ ಐದು ಎಂಬಲ್ಲಿಗೆ ಬಂದಾಗ ಚಿತ್ರ ನೋಡುವ ಮೊದಲೇ ವಾದ ಶುರುವಾಯಿತು.

ನಮ್ಮಲ್ಲಿ ಹೆಚ್ಚಿನವರ ಅಳತೆಗೋಲು ಒಂದೇ: ಯಾವುದರಲ್ಲಿ ಯುದ್ಧ ನಿಜವೆಂಬಂತೆ ಕಾಣುತ್ತದೋ ಅದೇ ಶ್ರೇಷ್ಠ. ನನಗೆ ಇದು ಸಾಲದು ಎನಿಸುತ್ತದೆ. ಇದೇ ಅಳತೆಯಾದರೆ ತಂತ್ರಜ್ಞಾನ ಬೆಳೆದಂತೆಲ್ಲ ಹಳೆಯ ಚಿತ್ರಗಳನ್ನು ಒಂದೊಂದಾಗಿ ಅಟ್ಟಕ್ಕೆ ಹಾಕಬೇಕಾಗುತ್ತದೆ. ಪರೀಕ್ಷಿಸಿ ನೋಡೋಣವೆಂದು, ಮೊದಲ ಮಹಾಯುದ್ಧದ ಜರ್ಮನ್ ಸೈನಿಕರ ಕುರಿತ ರೆಮಾರ್ಕ್ ಅವರ ಕಾದಂಬರಿಯನ್ನು ಆಧರಿಸಿದ ‘ಆಲ್ ಕ್ವಯಟ್ ಆನ್ ದ ವೆಸ್ಟರ್ನ್ ಫ್ರಂಟ್’ ಚಿತ್ರದ 1930ರ ರೂಪವನ್ನೂ 2022ರ ಜರ್ಮನ್ ರೂಪವನ್ನೂ ಒಂದೇ ವಾರದಲ್ಲಿ ನೋಡಿದೆ. ನಾಲ್ಕು ಆಸ್ಕರ್ ಗೆದ್ದ ಹೊಸದರ ಕೆಸರು, ಹೊಗೆ, ರಕ್ತ ಎಲ್ಲವೂ ಮೈಗೆ ಅಂಟುವಂತಿವೆ. ಆದರೂ ವಾರ ಕಳೆದ ಮೇಲೆ ನನ್ನಲ್ಲಿ ಉಳಿದದ್ದು ಲೂಯಿಸ್ ಮೈಲ್‌ಸ್ಟೋನ್ ಅವರ ಹಳೆಯ ಚಿತ್ರದಲ್ಲಿ ಬರುವ ಒಂದು ಜೊತೆ ಬೂಟು. ಕಾಲು ಕತ್ತರಿಸಿಹೋದ ಹುಡುಗನಿಂದ ಅದು ಗೆಳೆಯನಿಗೆ ಸಿಗುತ್ತದೆ, ಆ ಗೆಳೆಯ ಸಂತೋಷದಿಂದ ನಡೆಯುತ್ತಾನೆ, ಗುಂಡೇಟು ತಿನ್ನುತ್ತಾನೆ. ಬೂಟು ಮತ್ತೊಬ್ಬನ ಕಾಲಿಗೆ ಹೋಗುತ್ತದೆ, ಅವನೂ ಉಳಿಯುವುದಿಲ್ಲ. ಬರ್ಲಿನ್ನಿನಲ್ಲಿ ಈ ಚಿತ್ರ ತೆರೆ ಕಂಡಾಗ ನಾತ್ಸಿ ಮುಖಂಡ ಗೋಬೆಲ್ಸ್‌ನ ಬೆಂಬಲಿಗರು ಚಿತ್ರಮಂದಿರದಲ್ಲಿ ಬಿಳಿ ಇಲಿಗಳನ್ನು ಬಿಟ್ಟು ಪ್ರದರ್ಶನ ಕೆಡಿಸಿದರಂತೆ, ಕೆಲವೇ ದಿನಗಳಲ್ಲಿ ಅದಕ್ಕೆ ನಿಷೇಧವೂ ಬಂತು. ಅವರು ಹೆದರಿದ್ದು ಅದರ ಸಿಡಿತಗಳ ನೈಜತೆಗೆ ಆಗಿರಲಾರದು.

ಹಾಗಾದರೆ ಯಾವುದಕ್ಕೆ? ಐದು ಚಿತ್ರಗಳನ್ನು ಸೂಚಿಸುವುದಕ್ಕಿಂತ, ನೀವು ಆರಿಸುವ ಬಗೆಯನ್ನು ತಿಳಿಸಿದರೆ ಉಪಕಾರವಾದೀತು.

ಕತ್ತರಿ ಮೇಜು:

ನಾನು ಸಂಕಲನದ ಕೆಲಸ ಮಾಡುವವನು, ಆದ್ದರಿಂದ ‘ನಿಜವೆಂಬಂತೆ ಕಾಣುವುದು’ ಹೇಗೆ ತಯಾರಾಗುತ್ತದೆ ಎಂಬುದರಿಂದಲೇ ಆರಂಭಿಸುತ್ತೇನೆ. ‘ಸೇವಿಂಗ್ ಪ್ರೈವೇಟ್ ರಯಾನ್’ (1998) ಚಿತ್ರದ ನಾರ್ಮಂಡಿ ದಡದ ದೃಶ್ಯವನ್ನು ಚಿತ್ರೀಕರಿಸಿದ್ದು ಐರ್ಲೆಂಡಿನ ಕಡಲತೀರದಲ್ಲಿ. ಚಲನಚಿತ್ರ ಕ್ಯಾಮೆರಾದ ಷಟರ್, ಅಂದರೆ ಬೆಳಕನ್ನು ಒಳಬಿಟ್ಟು ತಡೆಯುವ ತಿರುಗುವ ಬಿಲ್ಲೆ, ಸಾಮಾನ್ಯವಾಗಿ 180 ಡಿಗ್ರಿ ತೆರೆದಿರುತ್ತದೆ. ಆಗ ಪ್ರತಿ ಚೌಕಟ್ಟಿಗೂ ಸೆಕೆಂಡಿನ 48ನೆಯ ಒಂದು ಭಾಗದಷ್ಟು ಬೆಳಕು ಬೀಳುತ್ತದೆ, ಚಲನೆ ತುಸು ಮಸುಕಾಗಿ ಕಣ್ಣಿಗೆ ನಯವಾಗುತ್ತದೆ. ಛಾಯಾಗ್ರಾಹಕ ಯಾನುಷ್ ಕಮಿನ್ಸ್ಕಿ ಅದನ್ನು 90ಕ್ಕೂ 45ಕ್ಕೂ ಇಳಿಸಿದರು. ಆ ಮಸುಕು ಮಾಯವಾದ್ದರಿಂದ ಸಿಡಿದೇಳುವ ಮರಳಿನ ಒಂದೊಂದು ಕಣವೂ ಬಿಡಿಬಿಡಿಯಾಗಿ ಹಾರುತ್ತದೆ, ಓಡುವ ಸೈನಿಕ ತಡವರಿಸಿದಂತೆ ಕಾಣುತ್ತಾನೆ. ಮಸೂರಗಳ ಮೇಲಿನ ರಕ್ಷಣಾ ಲೇಪವನ್ನೂ ತೆಗೆಸಿ ಬಣ್ಣ ಪೇಲವವಾಗುವಂತೆ ಮಾಡಿದರು. ಆ ಕಾಳಗದುದ್ದಕ್ಕೂ ಹಿನ್ನೆಲೆ ಸಂಗೀತವಿಲ್ಲ. ನಾವು ನಿಜವೆಂದು ನಂಬಿದ್ದು ಇಷ್ಟು ಕುಶಲವಾಗಿ ಕಟ್ಟಿದ ಒಂದು ಕೃತಕತೆಯನ್ನು. ಇದು ದೂರಲ್ಲ, ಮೆಚ್ಚುಗೆಯೇ. ಆದರೆ ಆ ಇಪ್ಪತ್ತು-ಇಪ್ಪತ್ತೈದು ನಿಮಿಷ ಕಳೆದ ಮೇಲೆ ಚಿತ್ರ ತನಗೆ ಗೊತ್ತಿರುವ ಹಳೆಯ ಸಾಹಸದ ಹಾದಿಗೆ ಮರಳುತ್ತದೆ, ಕೈ ಅದೇ ಆದರೂ ಕಣ್ಣು ಬೇರೆಯಾಗುತ್ತದೆ.

ನನ್ನ ಅಳತೆ ಇದು: ಪ್ರೇಕ್ಷಕನಿಗೆ ಎಷ್ಟನ್ನು ತಿಳಿಯಗೊಡಬಾರದು ಎಂಬುದು ಆ ನಿರ್ದೇಶಕನಿಗೆ ಗೊತ್ತಿದೆಯೇ? ಸಾಮಾನ್ಯ ಯುದ್ಧಚಿತ್ರದಲ್ಲಿ ನಾವು ಮೇಲಿನಿಂದ ಎರಡೂ ಸೇನೆಗಳನ್ನು ನೋಡುತ್ತೇವೆ, ನಕ್ಷೆಯ ಮೇಲೆ ಬಾಣದ ಗುರುತುಗಳು ಸಾಗುತ್ತವೆ, ಯಾರು ಎಲ್ಲಿದ್ದಾರೆಂಬುದು ಸೈನಿಕನಿಗಿಂತ ನಮಗೇ ಚೆನ್ನಾಗಿ ತಿಳಿದಿರುತ್ತದೆ. ವೋಲ್ಫ್‌ಗಾಂಗ್ ಪೀಟರ್ಸನ್ ಅವರ ‘ದಾಸ್ ಬೂಟ್’ (1981) ಈ ಸೌಲಭ್ಯವನ್ನು ಕಿತ್ತುಕೊಳ್ಳುತ್ತದೆ. ಜರ್ಮನ್ ಜಲಾಂತರ್ಗಾಮಿ ಯು-96 ನೀರಿನಡಿ ಇರುವಷ್ಟು ಹೊತ್ತೂ ಶತ್ರು ಎಂದರೆ ಕೇವಲ ಒಂದು ಸದ್ದು. ಮೇಲೆ ಹಾದುಹೋಗುವ ಹಡಗಿನ ಪ್ರೊಪೆಲರ್ ಸದ್ದು ಹತ್ತಿರವಾಗುತ್ತಿದ್ದಂತೆ ನಾವಿಕರೊಂದಿಗೆ ನಾವೂ ತಲೆಯೆತ್ತಿ ಲೋಹದ ಚಾವಣಿಯನ್ನೇ ದಿಟ್ಟಿಸುತ್ತೇವೆ. ಛಾಯಾಗ್ರಾಹಕ ಯೋಸ್ಟ್ ವಕಾನೊ ಕ್ಯಾಮೆರಾವನ್ನು ಕೈಯಲ್ಲಿ ಹಿಡಿದು ಆ ಕಿರಿದಾದ ಕೊಳವೆಯೊಳಗೆ ಓಡಿದ್ದಾರೆ. ಎರಡನೆಯ ಮಹಾಯುದ್ಧದಲ್ಲಿ ಜಲಾಂತರ್ಗಾಮಿಗಳಲ್ಲಿ ಹೋದ 40,000 ಜರ್ಮನ್ನರಲ್ಲಿ 30,000 ಮಂದಿ ಮರಳಲಿಲ್ಲವೆಂದು ಚಿತ್ರ ಆರಂಭದಲ್ಲೇ ಬರಹದಲ್ಲಿ ತಿಳಿಸಿಬಿಡುತ್ತದೆ, ಆಮೇಲೆ ಒಮ್ಮೆಯೂ ಅಂಕಿಯ ಮಾತೆತ್ತುವುದಿಲ್ಲ.

ಇದನ್ನೂ ಮೀರಿದ್ದು ಎಲೆಮ್ ಕ್ಲಿಮೊವ್ ಅವರ ‘ಕಮ್ ಅಂಡ್ ಸೀ’ (1985). ನಾತ್ಸಿಗಳ ವಶದಲ್ಲಿದ್ದ 1943ರ ಬೆಲಾರೂಸ್. ಮರಳಲ್ಲಿ ಹೂತ ಬಂದೂಕನ್ನು ಅಗೆದು ತೆಗೆದು ಗೆರಿಲ್ಲಾ ಪಡೆ ಸೇರುವ ಫ್ಲ್ಯೋರ ಎಂಬ ಹುಡುಗನ ಕಥೆ. ಕಾಡಿನಲ್ಲಿ ಬಾಂಬು ಬಿದ್ದ ಮೇಲೆ ಅವನ ಕಿವಿಯಲ್ಲಿ ಮೊಳಗುವ ಗುಂಯ್ ಸದ್ದು ಚಿತ್ರದ ಧ್ವನಿಯನ್ನೇ ಬಹಳ ಹೊತ್ತು ಆವರಿಸಿಕೊಳ್ಳುತ್ತದೆ, ಅವನಿಗೆ ಕೇಳಿಸದ ಮಾತು ನಮಗೂ ಕೇಳಿಸುವುದಿಲ್ಲ. ಅವನು ತನ್ನ ಹಳ್ಳಿಗೆ ಮರಳಿದಾಗ ಮನೆ ಖಾಲಿ. ಎಲ್ಲರೂ ಎಲ್ಲಿ ಅಡಗಿದ್ದಾರೆಂದು ತನಗೆ ಗೊತ್ತು ಎನ್ನುತ್ತ ಅವನು ಓಡುತ್ತಾನೆ. ಜೊತೆಗೆ ಓಡುವ ಹುಡುಗಿ ಒಮ್ಮೆ ಹಿಂದಿರುಗಿ ನೋಡುತ್ತಾಳೆ. ಮನೆಯ ಹಿಂಗೋಡೆಗೆ ಒತ್ತಿ ರಾಶಿ ಹಾಕಿದ ಹೆಣಗಳು. ಆ ನೋಟ ತೆರೆಯ ಮೇಲಿರುವುದು ಎರಡು-ಮೂರು ಸೆಕೆಂಡು ಮಾತ್ರ. ಅವನು ನೋಡಿಲ್ಲ, ಅವಳು ನೋಡಿದ್ದಾಳೆ, ನಾವೂ ನೋಡಿದ್ದೇವೆ. ಮುಂದಿನ ಹತ್ತು ನಿಮಿಷವನ್ನು ಹೊತ್ತು ನಡೆಸುವುದು ಆ ಎರಡು ಸೆಕೆಂಡುಗಳೇ. ಸಂಕಲನಕಾರನಾಗಿ ಹೇಳುತ್ತೇನೆ, ಅದನ್ನು ಇನ್ನೊಂದು ಸೆಕೆಂಡು ಬೆಳೆಸಿದ್ದರೂ ದೃಶ್ಯ ಕೆಟ್ಟುಹೋಗುತ್ತಿತ್ತು.

ನಿವೃತ್ತ ಸುಬೇದಾರ್:

ಸೇನೆಯ ಸಿಗ್ನಲ್ಸ್ ವಿಭಾಗದಲ್ಲಿ ಇಪ್ಪತ್ತನಾಲ್ಕು ವರ್ಷ ದುಡಿದವನ ಮಾತು ಇದು, ವಿಮರ್ಶಕನ ಮಾತಲ್ಲ. ಮೇಲಿನವರು ಷಟರಿನ ಬಗ್ಗೆ ಬರೆದದ್ದನ್ನು ಓದಿ ಬೆರಗಾದೆ. ಆದರೆ ನಾನು ಚಿತ್ರದಲ್ಲಿ ಹುಡುಕುವುದು ಎರಡನ್ನು: ಕಾಯುವಿಕೆ ಮತ್ತು ಆದೇಶ.

ಸೈನಿಕನ ಬದುಕಿನ ಬಹುಪಾಲು ಕಾಯುವುದರಲ್ಲೇ ಕಳೆಯುತ್ತದೆ. ಕಾಗದಕ್ಕೆ, ಊಟದ ಗಾಡಿಗೆ, ರಜೆಯ ಮಂಜೂರಾತಿಗೆ, ಮೋಡ ಸರಿಯುವುದಕ್ಕೆ. ಹಿಂದಿಯ ಹೊಸ ಯುದ್ಧಚಿತ್ರಗಳಲ್ಲಿ ಯಾರೂ ಕಾಯುವುದೇ ಇಲ್ಲ, ಎಲ್ಲರೂ ಎರಡು ಗುಂಡಿನ ನಡುವೆ ಭಾಷಣ ಮಾಡುತ್ತಾರೆ. ಅದಕ್ಕೇ ನನಗೆ ಇಂದಿಗೂ ಚೇತನ್ ಆನಂದ್ ಅವರ ‘ಹಕೀಕತ್’ (1964) ದೊಡ್ಡದು. 1962ರ ಸೋಲಿನ ಗಾಯ ಇನ್ನೂ ಹಸಿಯಾಗಿದ್ದಾಗ, ಲಡಾಖಿನಲ್ಲೇ ಕ್ಯಾಮೆರಾ ಇಟ್ಟು, ಹಿಮ್ಮೆಟ್ಟುವ ತುಕಡಿಯೊಂದರ ಕಥೆ ಹೇಳಲು ಎದೆಗಾರಿಕೆ ಬೇಕು. ಹಿಮದ ನಡುವೆ ಸೈನಿಕರು ಕುಳಿತು, ಮನೆಯಲ್ಲಿ ತನ್ನವಳು ತನ್ನನ್ನು ಹೇಗೆ ಮರೆತಿರಬಹುದೆಂದು ಒಬ್ಬೊಬ್ಬರಾಗಿ ಊಹಿಸುವ ಹಾಡೊಂದಿದೆ. ಕೈಫಿ ಆಜ್ಮಿ ಬರೆದು ಮದನ್ ಮೋಹನ್ ರಾಗ ಹಾಕಿದ ಅದನ್ನು ನಾಲ್ಕು ಬೇರೆ ಬೇರೆ ದನಿಗಳು ಹಾಡಿವೆ, ಏಕೆಂದರೆ ಬಂಕರಿನಲ್ಲಿ ಒಬ್ಬನ ನೆನಪು ಎಂಬುದು ಒಬ್ಬನದೇ ಆಗಿ ಉಳಿಯುವುದಿಲ್ಲ. ಚಿತ್ರದಲ್ಲಿ ನಾಟಕೀಯತೆ ಇಲ್ಲವೆನ್ನಲಾರೆ, ಕೆಲವು ಮಾತುಗಳು ಇಂದು ಗಟ್ಟಿಯಾಗಿ ಕೇಳಿಸುತ್ತವೆ. ಆದರೂ ಆ ಹಾಡಿನ ಹೊತ್ತಿಗೆ ನಮ್ಮ ಮೆಸ್ಸಿನಲ್ಲಿ ಯಾರೂ ಮಾತನಾಡುತ್ತಿರಲಿಲ್ಲ.

ಆದೇಶದ ವಿಷಯಕ್ಕೆ ಬಂದರೆ ಕುಬ್ರಿಕ್ ಅವರ ‘ಪಾತ್ಸ್ ಆಫ್ ಗ್ಲೋರಿ’ (1957). ಮೊದಲ ಮಹಾಯುದ್ಧದಲ್ಲಿ ಫ್ರೆಂಚ್ ಜನರಲ್ ಒಬ್ಬ ಬಡ್ತಿಯ ಆಸೆಗೆ ಬಿದ್ದು ಅಸಾಧ್ಯವಾದ ದಿಬ್ಬವೊಂದನ್ನು ಹಿಡಿಯಲು ಹೇಳುತ್ತಾನೆ. ದಾಳಿ ವಿಫಲವಾದಾಗ ಹೇಡಿತನದ ಆರೋಪ ಹೊರಿಸಿ ಮೂವರನ್ನು ತಮ್ಮದೇ ಸೇನೆ ಗುಂಡಿಟ್ಟು ಕೊಲ್ಲುತ್ತದೆ. ಅವರಲ್ಲೊಬ್ಬನಿಗೆ ಹಿಂದಿನ ದಿನ ತಲೆಬುರುಡೆ ಒಡೆದಿದೆ, ಪ್ರಜ್ಞೆಯಿಲ್ಲ. ಅವನನ್ನು ಸ್ಟ್ರೆಚರಿಗೇ ಕಟ್ಟಿ ನಿಲ್ಲಿಸಿ, ಕೆನ್ನೆ ಚಿವುಟಿ ಎಬ್ಬಿಸಿ, ಆಮೇಲೆ ಕೊಲ್ಲುತ್ತಾರೆ. ನಿಯಮ ಎಂಬುದು ಕೈತಪ್ಪಿ ಹೋದಾಗ ಎಷ್ಟು ಶಿಸ್ತಾಗಿ ಕೆಲಸ ಮಾಡುತ್ತದೆ ಎಂಬುದನ್ನು ಇಷ್ಟು ತಣ್ಣಗೆ ತೋರಿಸಿದ ಚಿತ್ರ ನನಗೆ ಬೇರೆ ಸಿಕ್ಕಿಲ್ಲ. ಫ್ರಾನ್ಸಿನಲ್ಲಿ ಇದು ತೆರೆ ಕಂಡದ್ದು 1975ರಲ್ಲಿ. ಇದರಲ್ಲಿ ಜರ್ಮನ್ ಸೈನಿಕನೊಬ್ಬನೂ ಕಣ್ಣಿಗೆ ಬೀಳುವುದಿಲ್ಲ. ಕೊನೆಯಲ್ಲಿ ಬರುವ ಏಕೈಕ ಜರ್ಮನ್ ಜೀವ, ಹೆದರಿ ನಡುಗುತ್ತ ಹಾಡುವ ಒಬ್ಬ ಸೆರೆಯಾಳು ಹುಡುಗಿ.

ಒಂದು ತಕರಾರನ್ನೂ ದಾಖಲಿಸುತ್ತೇನೆ. ನೋಲನ್ ಅವರ ‘ಡನ್‌ಕರ್ಕ್’ (2017) ಫ್ರಾನ್ಸಿನ ಕಡಲತೀರದಲ್ಲಿ ಸಿಕ್ಕಿಬಿದ್ದ ಬ್ರಿಟಿಷ್ ಸೇನೆ ಪಾರಾದ ಕಥೆಗಾಗಿ ದಡದ ಒಂದು ವಾರ, ಕಡಲಿನ ಒಂದು ದಿನ, ಆಕಾಶದ ಒಂದು ಗಂಟೆಯನ್ನು ಹೆಣೆದ ರೀತಿ ಸೊಗಸಾಗಿದೆ, ಕಾಯುವಿಕೆಯೂ ಅಲ್ಲಿದೆ. ಆದರೆ 1940ರಲ್ಲಿ ಫ್ರಾನ್ಸಿನಲ್ಲಿದ್ದ ಭಾರತೀಯ ಹೇಸರಗತ್ತೆ ತುಕಡಿಗಳವರಲ್ಲಿ ಕೆಲವರು ಅದೇ ದಡದಿಂದ ಪಾರಾದವರು. ಅವರ ಒಂದು ಮುಖವೂ ಚಿತ್ರದಲ್ಲಿಲ್ಲ. ತಿಳಿಯಗೊಡದಿರುವುದು ಕಲೆ ಎಂದು ಮೇಲಿನವರು ಹೇಳಿದರು, ಸರಿಯೇ. ಆದರೆ ಈ ಬಗೆಯ ತಿಳಿಯಗೊಡದಿರುವಿಕೆಯನ್ನು ಏನೆಂದು ಕರೆಯೋಣ?

ಓದುಗಿತ್ತಿ:

ಸುಬೇದಾರರ ಪ್ರಶ್ನೆ ನನ್ನನ್ನು ಇಲ್ಲಿ ಬರೆಯುವಂತೆ ಮಾಡಿತು. ಇಲ್ಲಿಯ ತನಕ ಬಂದ ಉತ್ತರಗಳು ಕಾಳಗದ ಒಳಗೇ ಇವೆ. ನಾನು ಹುಡುಕುವುದು, ಕಾಳಗ ಮುಗಿದ ಮೇಲೆ ಆ ನೆಲದ ಮೇಲೆ ಯಾರು ನಡೆಯುತ್ತಾರೆ ಎಂಬುದನ್ನು.

ರನ್ನನ ಗದಾಯುದ್ಧ ಶಾಲೆಯಲ್ಲಿ ಓದಿದವರಿಗೆ ನೆನಪಿರಬಹುದು. ಕವಿ ಹದಿನೆಂಟು ದಿನದ ಯುದ್ಧವನ್ನು ಮೊದಲಿನಿಂದ ಹೇಳುವುದಿಲ್ಲ. ಎಲ್ಲ ಮುಗಿಯುತ್ತ ಬಂದ ಹೊತ್ತಿನಿಂದ ಆರಂಭಿಸಿ ಸಿಂಹಾವಲೋಕನ ಕ್ರಮದಲ್ಲಿ ಹಿಂದಿರುಗಿ ನೋಡುತ್ತಾನೆ. ದುರ್ಯೋಧನ ಸಂಜಯನ ಜೊತೆ ರಣರಂಗವನ್ನು ಹಾದು ಭೀಷ್ಮನ ಬಳಿಗೆ ಹೋಗುವಾಗ ಕಾಲಿಗೆ ತೊಡರುವುದು ಹೆಣಗಳು. ರಣರಂಗದ ಪಿಶಾಚಿಗಳಾದ ಮರುಳುಗಳು ಅವನನ್ನು ಅಣಕಿಸುತ್ತವೆ. ದ್ರೋಣ, ಮಗ ಲಕ್ಷಣ, ದುಶ್ಶಾಸನ, ಕರ್ಣ ಒಬ್ಬೊಬ್ಬರಾಗಿ ಸಿಗುತ್ತಾರೆ. ಶತ್ರುವಿನ ಮಗ ಅಭಿಮನ್ಯುವಿನ ಮುಂದೆಯೂ ಅವನು ನಿಂತು ಕೈಮುಗಿಯುತ್ತಾನೆ. ಇನ್ನೊಂದು ಕಡೆ ನಮ್ಮ ಊರೂರಿನ ವೀರಗಲ್ಲುಗಳಿವೆ: ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ. ಬಹಳಷ್ಟು ಯುದ್ಧಚಿತ್ರಗಳು ವೀರಗಲ್ಲುಗಳೇ. ನಾನು ಅವನ್ನು ಹಗುರವಾಗಿ ಕಾಣುತ್ತಿಲ್ಲ, ಸತ್ತವನ ಮನೆಯವರಿಗೆ ಆ ಕಲ್ಲು ಬೇಕು. ಆದರೆ ಐದೇ ಚಿತ್ರ ಆರಿಸಬೇಕಾದಾಗ ನಾನು ರನ್ನನ ಪಕ್ಷ.

ಇಸಾವೊ ತಕಹಾತ ಅವರ ಅನಿಮೇಷನ್ ಚಿತ್ರ ‘ಗ್ರೇವ್ ಆಫ್ ದ ಫೈರ್‌ಫ್ಲೈಸ್’ (1988) ಹೀಗೆಯೇ ಕೊನೆಯಿಂದ ಆರಂಭವಾಗುತ್ತದೆ. 1945ರ ಸೆಪ್ಟೆಂಬರಿನಲ್ಲಿ ರೈಲು ನಿಲ್ದಾಣವೊಂದರಲ್ಲಿ ಹಸಿವಿನಿಂದ ಸಾಯುವ ಹುಡುಗ ತಾನು ಸತ್ತ ದಿನವನ್ನು ತಾನೇ ಹೇಳುತ್ತಾನೆ. ಆಮೇಲೆ ಕೋಬೆ ನಗರದ ಬೆಂಕಿ ಬಾಂಬು, ತಾಯಿಯ ಸಾವು, ತಂಗಿಯ ಜೊತೆಗಿನ ತಿಂಗಳುಗಳು. ಅವರು ಉಳಿಯುವುದಿಲ್ಲವೆಂದು ಮೊದಲೇ ತಿಳಿದಿರುವುದರಿಂದ ನಮ್ಮ ಗಮನ ‘ಮುಂದೇನಾಗುತ್ತದೆ’ ಎಂಬುದರ ಮೇಲೆ ಇರುವುದಿಲ್ಲ, ಪೆಪ್ಪರಮಿಂಟಿನ ಡಬ್ಬದಲ್ಲಿ ಇನ್ನೆಷ್ಟು ಉಳಿದಿದೆ ಎಂಬುದರ ಮೇಲೆ ಇರುತ್ತದೆ. ಬಾಲಕನಾಗಿದ್ದಾಗ ಓಕಯಾಮಾದ ವಾಯುದಾಳಿಯಿಂದ ಪಾರಾದ ತಕಹಾತ, ಇದು ಯುದ್ಧವಿರೋಧಿ ಚಿತ್ರವಲ್ಲವೆಂದು ಮತ್ತೆ ಮತ್ತೆ ಹೇಳುತ್ತಿದ್ದರು. ಅದನ್ನು ನಿಮ್ಮ ಚಹಾದ ಹೊತ್ತಿನ ವಾದಕ್ಕೆ ಇಟ್ಟುಕೊಳ್ಳಿ.

‘ಕಮ್ ಅಂಡ್ ಸೀ’ ತೋರಿಸುವುದಾದರೆ, ಕ್ಲಿಮೊವ್ ಅವರ ಪತ್ನಿ ಲಾರಿಸಾ ಶೆಪಿಟ್ಕೊ ಅವರ ‘ದಿ ಅಸೆಂಟ್’ (1977) ಚಿತ್ರವನ್ನು ಮರೆಯಬೇಡಿ. ಅದೇ ಬೆಲಾರೂಸ್, ಹಿಮ, ಆಹಾರ ಹುಡುಕಿ ಹೊರಟು ಸೆರೆಸಿಕ್ಕ ಇಬ್ಬರು. ಒಬ್ಬ ನೇಣಿಗೇರುತ್ತಾನೆ, ಇನ್ನೊಬ್ಬ ಜೀವ ಉಳಿಸಿಕೊಳ್ಳಲು ಶತ್ರುವಿನ ಸೇವೆಗೆ ಸೇರುತ್ತಾನೆ, ಆಮೇಲೆ ಸಾಯಲು ಹೋಗಿ ಅದನ್ನೂ ಮಾಡಲಾರದೆ ಉಳಿಯುತ್ತಾನೆ. ಬರ್ಲಿನ್ ಚಿತ್ರೋತ್ಸವದಲ್ಲಿ ಇದಕ್ಕೆ ಗೋಲ್ಡನ್ ಬೇರ್ ಪ್ರಶಸ್ತಿ ಬಂತು. ಎರಡು ವರ್ಷಕ್ಕೆ ಶೆಪಿಟ್ಕೊ ಕಾರು ಅಪಘಾತದಲ್ಲಿ ತೀರಿಕೊಂಡರು.

ಕನ್ನಡದ್ದೊಂದು ಬೇಕೆಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ರಾಜೇಂದ್ರಸಿಂಗ್ ಬಾಬು ಅವರ ‘ಮುತ್ತಿನ ಹಾರ’ (1990) ಇದೆ. ಕೊಡಗಿನ ಯೋಧನಾಗಿ ವಿಷ್ಣುವರ್ಧನ್, ಜೊತೆಗೆ ಸುಹಾಸಿನಿ. ಅದರ ಕಾಳಗದ ಭಾಗಗಳು ನನ್ನನ್ನು ಅಷ್ಟಾಗಿ ಹಿಡಿಯಲಿಲ್ಲ, ಮನೆಯ ಭಾಗಗಳು ಬಿಡಲಿಲ್ಲ.

ಕತ್ತರಿ ಮೇಜು:

ಸುಬೇದಾರರ ಪ್ರಶ್ನೆಗೆ ನನ್ನಲ್ಲಿ ನೇರ ಉತ್ತರವಿಲ್ಲ. ಆದರೆ ಅದಕ್ಕೆ ಎದುರಾಗಿ ಇಡಬಹುದಾದ ಚಿತ್ರ ಪೊಂಟೆಕೊರ್ವೊ ಅವರ ‘ದ ಬ್ಯಾಟಲ್ ಆಫ್ ಅಲ್ಜೀರ್ಸ್’ (1966). ಅಲ್ಜೀರ್ಸ್ ನಗರದ ಹಳೆಯ ಭಾಗವಾದ ಕಸ್ಬಾದ ಮನೆಗಳನ್ನು ಸ್ಫೋಟಿಸಿದಾಗ ಸತ್ತ ಅಲ್ಜೀರಿಯನ್ನರನ್ನು ಹೊರತೆಗೆಯುವಾಗಲೂ, ಆಮೇಲೆ ಮೂವರು ಹೆಂಗಸರು ಇಟ್ಟ ಬಾಂಬುಗಳಿಗೆ ಬಲಿಯಾದ ಫ್ರೆಂಚರನ್ನು ಹೊರತೆಗೆಯುವಾಗಲೂ ಒಂದೇ ಶೋಕಸಂಗೀತ. ಚಿತ್ರದ ಒಲವು ಯಾವ ಕಡೆ ಎಂಬುದು ಸ್ಪಷ್ಟ, ಆದರೂ ಹೆಣಗಳ ನಡುವೆ ಅದು ಪಕ್ಷಭೇದ ಮಾಡುವುದಿಲ್ಲ. ಫ್ರೆಂಚರ ಆಳ್ವಿಕೆಯ ವಿರುದ್ಧದ ಅಲ್ಜೀರಿಯಾದ ಸ್ವಾತಂತ್ರ್ಯ ಹೋರಾಟದ ಮುಂದಾಳು ಸಾದಿ ಯಾಸೆಫ್ ತನ್ನನ್ನೇ ಹೋಲುವ ಪಾತ್ರದಲ್ಲಿ ನಟಿಸಿದ್ದಾರೆ. 2003ರಲ್ಲಿ ಅಮೆರಿಕದ ಪೆಂಟಗನ್‌ನಲ್ಲಿ ಅಧಿಕಾರಿಗಳು ಇದನ್ನು ಹಾಕಿಸಿಕೊಂಡು ನೋಡಿದರು. ಅವರು ಯಾವ ಪಾತ್ರದ ಕಣ್ಣಿನಿಂದ ನೋಡಿದರೋ.

ಒಂದು ವ್ಯಾವಹಾರಿಕ ಸೂಚನೆ: ‘ದಾಸ್ ಬೂಟ್’ನ 1997ರ ನಿರ್ದೇಶಕರ ಆವೃತ್ತಿ ಸುಮಾರು ಮೂರೂವರೆ ಗಂಟೆ ಇದೆ. ಬೆಂಚಿನ ಮೇಲೆ ಕೂರುವವರಿದ್ದರೆ 1981ರ ಎರಡೂವರೆ ಗಂಟೆಯದನ್ನೇ ಹಾಕಿ.

ಭಾನುವಾರದ ಪ್ರೇಕ್ಷಕ:

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಸಂಜೆ ಕುಳಿತು ತೀರ್ಮಾನಿಸಿದೆವು: ಮೊದಲು 1930ರ ‘ಆಲ್ ಕ್ವಯಟ್’, ನಂತರ ‘ಪಾತ್ಸ್ ಆಫ್ ಗ್ಲೋರಿ’, ‘ಹಕೀಕತ್’, ‘ದಿ ಅಸೆಂಟ್’, ಕೊನೆಗೆ ‘ಗ್ರೇವ್ ಆಫ್ ದ ಫೈರ್‌ಫ್ಲೈಸ್’. ‘ಕಮ್ ಅಂಡ್ ಸೀ’ ಬಿಟ್ಟದ್ದು ನನಗೆ ನೋವಿನ ವಿಷಯ, ಆದರೆ ನಮ್ಮಲ್ಲಿ ಮಕ್ಕಳನ್ನು ಕರೆತರುವವರಿದ್ದಾರೆ. ಅದನ್ನು ಬಯಸಿದವರಿಗಾಗಿ ಬೇರೊಂದು ರಾತ್ರಿ ಹಾಕುತ್ತೇವೆ. ಮಕ್ಕಳಿಗೆ ಅನಿಮೇಷನ್ ಚಿತ್ರವಿದೆಯಲ್ಲ ಎಂದು ಒಬ್ಬರು ಸಮಾಧಾನಪಟ್ಟರು. ಅದರ ಕಥೆಯನ್ನು ಅವರಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದೇನೋ.

ಓದುಗಿತ್ತಿಯವರಲ್ಲಿ ಒಂದು ವಿನಂತಿ. ಮೊದಲ ಭಾನುವಾರ ಚಿತ್ರಕ್ಕೆ ಮುನ್ನ ಗದಾಯುದ್ಧದ ಆ ಭಾಗವನ್ನು ಹತ್ತು ನಿಮಿಷ ಓದಿಸಬೇಕೆಂದಿದ್ದೇವೆ. ಎಲ್ಲಿಂದ ಎಲ್ಲಿಯವರೆಗೆ ಎಂದು ತಿಳಿಸುವಿರಾ? ಅಭಿಮನ್ಯುವಿನ ಬಳಿ ನಿಲ್ಲಿಸಬೇಕೆಂದು ನನಗೆ ಆಸೆ, ಗ್ರಂಥಪಾಲಕರು ಕರ್ಣನವರೆಗೂ ಹೋಗಲೇಬೇಕೆನ್ನುತ್ತಿದ್ದಾರೆ.