ಗೇಮ್‌ಬಾಯ್ ಅಡ್ವಾನ್ಸ್‌ಗೆ ಐಪಿಎಸ್ ಸ್ಕ್ರೀನ್: ಮೂರು ವೈರ್ ಬೆಸುಗೆ ಹಾಕುವಾಗ ಪ್ಯಾಡ್ ಕಿತ್ತು ಬರದಿರಲು ಏನು ಮಾಡಬೇಕು?

ತುಮಕೂರು_ಗುಂಡಿ
ನಮಸ್ಕಾರ. ನನ್ನದು ಕೈಯಲ್ಲಿ ಹಿಡಿದು ಆಡುವ ನಿಂಟೆಂಡೊ ಆಟದ ಯಂತ್ರ, 2001ರ ಮಾಡೆಲ್ ಗೇಮ್‌ಬಾಯ್ ಅಡ್ವಾನ್ಸ್. ಹಳೇ ಸ್ಕ್ರೀನ್‌ಗೆ ಹಿಂಬದಿ ಬೆಳಕಿಲ್ಲ, ಅದಕ್ಕೇ ಐಪಿಎಸ್ (ಹಿಂಬದಿ ಬೆಳಕಿರುವ ಹೊಸ ಸ್ಕ್ರೀನ್) ಕಿಟ್ ತರಿಸಿದ್ದೇನೆ. ಬಿಚ್ಚಿ ನೋಡಿದೆ, ಕನೆಕ್ಟರ್ 40 ಪಿನ್‌ದು, ಕಿಟ್‌ಗೆ ಹೊಂದುತ್ತದೆ. ಸ್ಕ್ರೀನ್ ಪಟ್ಟಿ ಸಿಕ್ಕಿಸುವುದಕ್ಕೆ ಬೆಸುಗೆ ಬೇಕಿಲ್ಲ. ಆದರೆ ಬ್ರೈಟ್‌ನೆಸ್ ಬದಲಾಯಿಸಲು ಸೆಲೆಕ್ಟ್, ಎಲ್, ಆರ್ ಗುಂಡಿಗಳಿಗೆ ಮೂರು ವೈರ್ ಹಾಕಬೇಕು. ಕೈಯಲ್ಲಿರುವುದು ಎರಡು ಪಿನ್ ಪ್ಲಗ್ಗಿನ 25 ವ್ಯಾಟ್ ಐರನ್. ಇದು ಸಾಕಾ? ಅರ್ಥಿಂಗ್ ಇಲ್ಲದಿದ್ದರೆ ಬೋರ್ಡ್‌ಗೆ ತೊಂದರೆಯಾ? ಯಾವ ವೈರ್, ಯಾವ ಪೇಸ್ಟ್?

ಕೋಲಾರ_ಫ್ಲಕ್ಸ್
25 ವ್ಯಾಟ್ ಸಾಕು, ಮೂರೇ ಜಾಯಿಂಟ್ ತಾನೇ. ಆದರೆ ಆ ಐರನ್‌ನ ಎರಡು ದೋಷ ತಿಳಿದುಕೊಂಡು ಕೆಲಸ ಮಾಡಿ.

ಮೊದಲನೆಯದು ಬಿಸಿ. ಅದಕ್ಕೆ ಕಂಟ್ರೋಲ್ ಇಲ್ಲ. ಸುಮ್ಮನೆ ಸ್ಟ್ಯಾಂಡ್‌ನಲ್ಲಿ ಇಟ್ಟರೆ ಬಿಟ್ (ಐರನ್ ತುದಿ) 400 ಡಿಗ್ರಿ ಆಸುಪಾಸಿಗೆ ಹೋಗುತ್ತದೆ. 63/37 ಲೆಡ್ (ತವರ, ಸೀಸ ಬೆರೆಸಿದ ಬೆಸುಗೆ ತಂತಿ) ಕರಗುವುದು 183 ಡಿಗ್ರಿಗೆ, ಬಿಸಿ ಹೊಂದಿಸುವ ಸ್ಟೇಷನ್ ಇದ್ದವರು 320ರಿಂದ 340ಕ್ಕೆ ಇಟ್ಟುಕೊಳ್ಳುತ್ತಾರೆ. ನೀವು ಪ್ರತಿ ಜಾಯಿಂಟ್‌ಗೆ ಮುಂಚೆ ಒದ್ದೆ ಸ್ಪಾಂಜ್‌ಗೆ ಬಿಟ್ ಒರೆಸಿ, ಆ ಕ್ಷಣದಲ್ಲೇ ಮುಟ್ಟಿಸಿ. ಎರಡು ಸೆಕೆಂಡಿಗಿಂತ ಹೆಚ್ಚು ಇಡಬೇಡಿ. ವೈರ್ ಸೇರುವ ಪ್ಯಾಡ್, ಅಂದರೆ ಟೆಸ್ಟ್ ಪಾಯಿಂಟ್‌ನ ತಾಮ್ರ, ಬೋರ್ಡ್‌ಗೆ ಅಂಟಿನಿಂದ ಹಿಡಿದುಕೊಂಡಿರುತ್ತದೆ, ಅಷ್ಟೇ. ಬಿಸಿ ಜಾಸ್ತಿಯಾದರೆ ಆ ಅಂಟು ಬಿಡುತ್ತದೆ, ಆಗ ವೈರ್ ಸ್ವಲ್ಪ ಎಳೆದರೂ ಪ್ಯಾಡ್ ಸಮೇತ ಬರುತ್ತದೆ.

ಎರಡನೆಯದು ಅರ್ಥಿಂಗ್. ಎರಡು ಪಿನ್ ಐರನ್‌ನ ಬಿಟ್ ಮೇಲೆ ಲೀಕೇಜ್ ವೋಲ್ಟೇಜ್ ನಿಂತಿರುತ್ತದೆ, ಚಿಪ್‌ಗೆ ಅದು ಒಳ್ಳೆಯದಲ್ಲ. ಮೂರು ಪಿನ್ ಐರನ್ ಸಿಗುವವರೆಗೆ ಹಳೇ ಉಪಾಯ: ಐರನ್ ಚೆನ್ನಾಗಿ ಕಾಯಿಸಿ, ಪ್ಲಗ್ ಕಿತ್ತು, ಬೆಸುಗೆ ಹಾಕಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗೇ ಕಿತ್ತಿರಬೇಕು. ಇಂಥ ಸಣ್ಣ ಜಾಯಿಂಟ್ ಒಂದಕ್ಕೆ ಆ ಬಿಸಿ ಸಾಕಾಗುತ್ತದೆ. ಮುಗಿದ ಮೇಲೆ ಮತ್ತೆ ಕಾಯಿಸಿ. ಸೆಲ್ ಎರಡೂ ತೆಗೆದಿರಬೇಕು, ಕಾರ್ಟ್ರಿಜ್ ಹೊರಗಿರಬೇಕು. ಜನವರಿಯಿಂದ ಮಾರ್ಚ್‌ವರೆಗೆ ನಮ್ಮ ಕಡೆ ಗಾಳಿ ಒಣಗಿರುತ್ತದೆ, ಉಣ್ಣೆ ಸ್ವೆಟರ್ ಹಾಕಿಕೊಂಡು ಬೋರ್ಡ್ ಮುಟ್ಟಬೇಡಿ.

ಪೇಸ್ಟ್ ವಿಷಯ: ಪೈಪ್‌ಗೆ, ಪಾತ್ರೆಗೆ ಹಾಕುವ ಆಸಿಡ್ ಪೇಸ್ಟ್ ಹತ್ತಿರವೂ ತರಬೇಡಿ, ಅದು ಉಳಿದರೆ ತಾಮ್ರ ಹಸಿರಾಗಿ ತಿಂದುಹೋಗುತ್ತದೆ. ರೋಸಿನ್ ಅಥವಾ ನೋ-ಕ್ಲೀನ್ ಫ್ಲಕ್ಸ್ (ಲೆಡ್ ಚೆನ್ನಾಗಿ ಹಿಡಿಯಲು ಹಚ್ಚುವ ಪೇಸ್ಟ್) ಬೇಕು, ಲೆಡ್ 0.5 ಎಂಎಂ ದಪ್ಪದ್ದು. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಎರಡೂ ಸಿಗುತ್ತವೆ. ಸೂಜಿ ಬಿಟ್ ಬೇಡ. ಅದರ ತುದಿಯಲ್ಲಿ ಬಿಸಿ ನಿಲ್ಲುವುದಿಲ್ಲ, ಕರಗಲಿಲ್ಲ ಎಂದು ನಾವು ಒತ್ತುತ್ತಲೇ ಇರುತ್ತೇವೆ, ಪ್ಯಾಡ್ ಹೋಗುವುದು ಅಲ್ಲೇ. ಉಳಿ ಆಕಾರದ 1.6 ಎಂಎಂ ಬಿಟ್ ಮುಟ್ಟಿದ ಕೂಡಲೇ ಕರಗಿಸುತ್ತದೆ.

ಮುಂದೆ ಮೂರು ಪಿನ್ ಐರನ್ ತಂದು, ಪ್ಲಗ್ ಹಾಕಿಟ್ಟೇ ಜಾಯಿಂಟ್ ಹಾಕುವಾಗ ಕರೆಂಟು ಹೋದರೆ ಬಿಟ್ ತಕ್ಷಣ ಎತ್ತಿಬಿಡಿ. ಆಗಲೇ ಲೆಡ್ ಗಟ್ಟಿಯಾಗಿ ಬಿಟ್ ಅಂಟಿಕೊಂಡಿದ್ದರೆ ಎಳೆಯಲೇಬೇಡಿ, ಕರೆಂಟು ಬಂದು ಮತ್ತೆ ಕರಗುವವರೆಗೆ ಹಾಗೇ ಹಿಡಿದಿರಿ.

ಚಿಕ್ಕಬಳ್ಳಾಪುರ_ಬೆಸುಗೆ
ಮೇಲಿನವರು ಹೇಳಿದ್ದು ಸರಿ. ವೈರ್ ಬಗ್ಗೆ ಸೇರಿಸುತ್ತೇನೆ.

30 ಎಡಬ್ಲ್ಯೂಜಿ ಒಂಟಿ ತಂತಿ ತಗೊಳ್ಳಿ, ಅಂದರೆ ಕಾಲು ಎಂಎಂ ದಪ್ಪ. ತುದಿ 1 ಎಂಎಂ ಮಾತ್ರ ಸುಲಿಯಿರಿ. ಮೊದಲು ವೈರ್ ತುದಿಗೆ ಲೆಡ್ ಹಚ್ಚಿ, ಪ್ಯಾಡ್‌ಗೂ ಬೇರೆಯಾಗಿ ಒಂದು ಹನಿ ಹಚ್ಚಿ. ಆಮೇಲೆ ಎರಡನ್ನೂ ಕೂಡಿಸಿ ಬಿಟ್ ಮುಟ್ಟಿಸಿದರೆ ಒಂದೇ ಸೆಕೆಂಡಿನ ಕೆಲಸ. ಬೋರ್ಡ್ ಮೇಲೆ ಅಕ್ಷರ ಹುಡುಕಿ (ಟಿಪಿ ಅಂದರೆ ಟೆಸ್ಟ್ ಪಾಯಿಂಟ್): ಸೆಲೆಕ್ಟ್ ಟಿಪಿ2, ಆರ್ ಟಿಪಿ8, ಎಲ್ ಟಿಪಿ9. ಇನ್ನೊಂದು ತುದಿ ಹೋಗುವುದು ಸ್ಕ್ರೀನ್‌ನ ತೆಳು ಪಟ್ಟಿಗೆ, ಅದು ಬೋರ್ಡ್‌ಗಿಂತ ಬೇಗ ಸುಡುತ್ತದೆ, ಅಲ್ಲಿ ಇನ್ನೂ ಚುರುಕಾಗಿರಿ. ಫ್ಲಕ್ಸ್ ಸಿಡಿಯುತ್ತದೆ, ಸ್ಕ್ರೀನ್ ಮೇಲಿನ ಪ್ಲಾಸ್ಟಿಕ್ ಹಾಳೆ ಈಗಲೇ ಸುಲಿಯಬೇಡಿ.

ಶಿಡ್ಲಘಟ್ಟದ ಕಡೆ ರೇಷ್ಮೆ ನೂಲು ಬಿಚ್ಚುವುದನ್ನು ನೋಡಿದವರಿಗೆ ಗೊತ್ತು, ಬಿಗಿ ಹೆಚ್ಚಾದ ಎಳೆ ತುಂಡಾಗುತ್ತದೆ. ಇಲ್ಲೂ ಹಾಗೇ. ವೈರ್ ಸ್ವಲ್ಪ ಸಡಿಲ ಬಿಟ್ಟು, ಜಾಯಿಂಟ್‌ನಿಂದ 5 ಎಂಎಂ ದೂರದಲ್ಲಿ ಬಿಸಿ ತಡೆಯುವ ಕ್ಯಾಪ್ಟಾನ್ ಟೇಪ್ ಒತ್ತಿ. ಸ್ಕ್ರೂ ಕೂರುವ ಕಂಬಗಳ ಮೇಲೆ ವೈರ್ ಹಾಯಬಾರದು. ಸಿಕ್ಕಿಹಾಕಿಕೊಂಡು ಇನ್ಸುಲೇಶನ್ ಹರಿದರೆ ಗುಂಡಿ ಒತ್ತೇ ಇದೆ ಎಂದು ಬೋರ್ಡ್ ತಿಳಿಯುತ್ತದೆ, ಆಟದಲ್ಲಿ ಆ ಗುಂಡಿ ತಾನಾಗಿ ಓಡುತ್ತಿರುತ್ತದೆ. ಸ್ಕ್ರೀನ್ ಬೆನ್ನಿಗೂ ಬೋರ್ಡ್‌ಗೂ ನಡುವೆಯೂ ಟೇಪ್ ಹಾಕಿ.

ಅಕಸ್ಮಾತ್ ಟಿಪಿ8 ಅಥವಾ ಟಿಪಿ9 ಕಿತ್ತುಬಂದರೆ ಗಾಬರಿಯಾಗಬೇಡಿ. ಆ ಗುಂಡಿಯ ಸ್ವಿಚ್ ಕಾಲಿಗೇ ಬೆಸುಗೆ ಹಾಕಬಹುದು. ಬ್ಯಾಟರಿ ಮೈನಸ್‌ ಜೊತೆ ಮೀಟರ್ ಹಿಡಿದಾಗ ಬೀಪ್ ಬರುವ ಕಾಲು ಗ್ರೌಂಡ್, ಅದನ್ನು ಬಿಟ್ಟು ಇನ್ನೊಂದು ಹಿಡಿಯಿರಿ. ಸೆಲೆಕ್ಟ್‌ನ ಕಪ್ಪು ಪ್ಯಾಡ್ ಮೇಲೆ ಮಾತ್ರ ಲೆಡ್ ಹಾಕಬೇಡಿ, ರಬ್ಬರ್ ಸಮನಾಗಿ ಕೂರುವುದಿಲ್ಲ, ಗುಂಡಿ ಕೆಡುತ್ತದೆ.

ತುಮಕೂರು_ಗುಂಡಿ
ತುಂಬಾ ಉಪಕಾರ ಆಯ್ತು. ಮೂರೂ ಹಾಕಿದೆ, ಇನ್ನೂ ಸೆಲ್ ಹಾಕಿಲ್ಲ. ಟೆಸ್ಟ್ ಪಾಯಿಂಟ್‌ಗೂ ಬ್ಯಾಟರಿ ಮೈನಸ್‌ಗೂ ಮೀಟರ್ ಹಿಡಿದರೆ, ಎಲ್, ಆರ್ ಒತ್ತಿದಾಗ ಬೀಪ್ ಬರುತ್ತದೆ. ಸೆಲೆಕ್ಟ್ ಒತ್ತಿದರೆ ಬರುತ್ತಿಲ್ಲ. ಜಾಯಿಂಟ್ ತಪ್ಪಿದೆಯಾ?

ಕೋಲಾರ_ಫ್ಲಕ್ಸ್
ಇರಲಿಕ್ಕಿಲ್ಲ. ಎಲ್, ಆರ್ ಲೋಹದ ಸ್ವಿಚ್, ಒತ್ತಿದರೆ ನೇರ ಸೇರುತ್ತವೆ. ಸೆಲೆಕ್ಟ್ ಅಡಿಯಲ್ಲಿ ರಬ್ಬರಿಗೆ ಕಾರ್ಬನ್ ಬಿಲ್ಲೆ ಅಂಟಿಸಿದೆ, ಅದಕ್ಕೆ ತನ್ನದೇ ರೆಸಿಸ್ಟೆನ್ಸ್ ಇದೆ, ಬಹಳ ಮೀಟರ್ ಅದಕ್ಕೆ ಬೀಪ್ ಹೊಡೆಯುವುದಿಲ್ಲ. ಮೀಟರ್ ಓಮ್ಸ್‌ಗೆ ತಿರುಗಿಸಿ. ಬಿಟ್ಟಾಗ ತುಂಬಾ ಹೆಚ್ಚು, ಒತ್ತಿದಾಗ ಕೆಲವು ನೂರು ಓಮ್ ಒಳಗೆ ಬಂದರೆ ಸರಿ. ನೋಡಬೇಕಾದ್ದು ಇನ್ನೊಂದು: ಒತ್ತದೇ ಇದ್ದಾಗ ಮೂರರಲ್ಲಿ ಯಾವುದೂ ಬೀಪ್ ಕೊಡಬಾರದು. ಕೊಟ್ಟರೆ ಲೆಡ್ ಪಕ್ಕದ ಗ್ರೌಂಡ್ ಮುಟ್ಟಿದೆ, ಐಪಿಎಯಲ್ಲಿ (ಐಸೊಪ್ರೊಪೈಲ್ ಆಲ್ಕೋಹಾಲ್) ಬ್ರಷ್ ಅದ್ದಿ ತಿಕ್ಕಿ, ಭೂತಗನ್ನಡಿಯಲ್ಲಿ ನೋಡಿ.

ಚಿಕ್ಕಬಳ್ಳಾಪುರ_ಬೆಸುಗೆ
ಸೆಲ್ ಹಾಕುವ ಮುಂಚೆ ಇದೊಂದು ಓದಿ. ಎಎ ಅಳತೆಯಲ್ಲೇ 14500 ಎಂಬ ಲಿಥಿಯಂ ಸೆಲ್ ಬರುತ್ತದೆ, ಒಂದೊಂದು 3.7 ವೋಲ್ಟ್. ಎರಡು ಸೇರಿಸಿದರೆ, ಪೂರ್ತಿ ಚಾರ್ಜಲ್ಲಿ 8.4 ವೋಲ್ಟ್, ಬೋರ್ಡ್ ಅಲ್ಲಿಗೆ ಮುಗಿಯಿತು. ಸಾದಾ ಆಲ್ಕಲೈನ್ ಅಥವಾ 1.2 ವೋಲ್ಟ್‌ನ ನಿಕಲ್ ಸೆಲ್ ಮಾತ್ರ ಹಾಕಿ.

ಸ್ಕ್ರೀನ್ ಹತ್ತಿ ತಾನಾಗಿ ಆರಿದರೆ ಬೆಸುಗೆಯನ್ನು ಬಯ್ಯುವ ಮುಂಚೆ ಪವರ್ ಸ್ವಿಚ್ ನೋಡಿ. ಹೊಸ ಸ್ಕ್ರೀನ್ ಹಳೆಯದಕ್ಕಿಂತ ಹೆಚ್ಚು ಕರೆಂಟ್ ಎಳೆಯುತ್ತದೆ. ಸ್ವಿಚ್ ಒಳಗೆ ಕಿಲುಬಿದ್ದು 1 ಓಮ್ ಅಡ್ಡಿಯಾದರೂ, 200 ಮಿಲಿಆಂಪ್‌ಗೆ 0.2 ವೋಲ್ಟ್ ಅಲ್ಲೇ ಹೋಗುತ್ತದೆ. ಎರಡು ನಿಕಲ್ ಸೆಲ್ ಕೊಡುವುದೇ 2.4 ವೋಲ್ಟ್. ಸೆಲ್ ತೆಗೆದು, ಸ್ವಿಚ್ ಸಂದಿಗೆ 99% ಐಪಿಎ ಎರಡು ಹನಿ ಬಿಟ್ಟು, ಮೂವತ್ತು ಸಲ ಆಚೆ ಈಚೆ ಆಡಿಸಿ, ಅರ್ಧ ಗಂಟೆ ಒಣಗಲು ಬಿಡಿ.

ಸ್ಕ್ರೀನ್ ಬರೀ ಬಿಳಿ ಅಥವಾ ಉದ್ದ ಗೀಟು ಬಂದರೆ ಪಟ್ಟಿ ಓರೆಯಾಗಿ ಕೂತಿದೆ. ಕನೆಕ್ಟರ್‌ನ ಬೀಗ ಎರಡೂ ಕಡೆಯಿಂದ ಸಮನಾಗಿ, ಉಗುರಿನಲ್ಲಿ ಮೆಲ್ಲಗೆ ಎಳೆಯಿರಿ. ಇಪ್ಪತ್ತು ವರ್ಷ ದಾಟಿದ ಪ್ಲಾಸ್ಟಿಕ್ ಅದು, ಒಂದೇ ಕಡೆ ಮೀಟಿದರೆ ಕಿವಿ ಮುರಿಯುತ್ತದೆ.