ಕ್ರೋಮ್ ಹಾಕದ ಬಂಪರ್, ಹೆಡ್‌ಲೈಟ್ ರಿಂಗ್ ಎಲ್ಲಿ ಸಿಗುತ್ತವೆ? ಬಣ್ಣಕ್ಕೆ ತಯಾರಿ ಹೇಗೆ?

ಮಾರ್ಕ್3_ತುಮಕೂರು:
ಗಾಡಿ 1977ರ ಅಂಬಾಸಡರ್ ಮಾರ್ಕ್ 3. ಎರಡೂ ಬಂಪರ್, ಹೆಡ್‌ಲೈಟ್ ರಿಂಗ್, ನಂಬರ್ ಪ್ಲೇಟ್ ದೀಪದ ಕವರ್ ಎಲ್ಲಕ್ಕೂ ಬಾಡಿ ಕಲರ್ ಕೊಡಬೇಕು. ಬಂಪರ್‌ನ ಕ್ರೋಮ್ ಸಿಪ್ಪೆ ಏಳುತ್ತಿದೆ, ರಿಂಗ್ ಚೆನ್ನಾಗಿದೆ, ದೀಪದ ಕವರ್ ಮೇಲೆ ಗುಳ್ಳೆ ಬಂದಿವೆ. ಕ್ರೋಮ್ ಹಾಕದ ಪೀಸ್ ಸಿಗುತ್ತದೆಯೇ? ಸಿಗದಿದ್ದರೆ ಇರುವ ಕ್ರೋಮ್ ಮೇಲೆಯೇ ಹೊಡೆದರೆ ನಿಲ್ಲುತ್ತದೆಯೇ?

ನಿಕಲ್_ಬಾತ್:
ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಕೌಂಟರ್ ಮೇಲೆ ಸಿಗುವುದು ಸಾಮಾನ್ಯವಾಗಿ ಕ್ರೋಮ್ ಆದ ಮಾಲೇ. ಹಸಿ ಪೀಸ್ ಬೇಕಾದರೆ ಆ ಅಂಗಡಿಯವರು ಪ್ಲೇಟಿಂಗ್‌ಗೆ ಎಲ್ಲಿ ಕೊಡುತ್ತಾರೆಂದು ಕೇಳಿ. ಅಲ್ಲಿಗೆ ಹೋದಾಗ "ಬಫಿಂಗ್ ಮಾಡುವ ಮುಂಚೆ ಕೊಡಿ" ಅನ್ನುವುದನ್ನು ಮರೆಯಬೇಡಿ. ಬಫ್ ಆದ ಕಬ್ಬಿಣ ಕನ್ನಡಿಯಂತಿರುತ್ತದೆ, ಪ್ರೈಮರ್‌ಗೆ ಕಚ್ಚಿಕೊಳ್ಳಲು ಏನೂ ಉಳಿದಿರುವುದಿಲ್ಲ. ಬಫಿಂಗ್ ಸೋಪಿನ ಮೇಣ ಅಂಚುಗಳಲ್ಲಿ ಉಳಿದರೆ ಬಣ್ಣ ಅಲ್ಲಿ ಮೀನಿನ ಕಣ್ಣಿನಂತೆ ಬಿಟ್ಟುಕೊಳ್ಳುತ್ತದೆ.

ಇನ್ನೊಂದು ದಾರಿ ಗುಜರಿ. ಕ್ರೋಮ್ ಹಾಳಾಗಿದ್ದರೂ ನೇರವಾಗಿರುವ ಬಂಪರ್ ಆರಿಸಿ. ಬೆನ್ನನ್ನು ಸ್ಕ್ರೂ ಡ್ರೈವರ್‌ನಿಂದ ಚುಚ್ಚಿ ನೋಡಿ: ತುಕ್ಕು ಒಳಗಿನಿಂದ ತಿನ್ನುತ್ತಾ ಬರುತ್ತದೆ, ಮುಂಭಾಗ ಕೊನೆಗೆ ತೋರಿಸುತ್ತದೆ. ಹಳೆಯ ಲೇಪ ತೆಗೆಸುವುದನ್ನು ಪ್ಲೇಟಿಂಗ್‌ನವರಿಗೇ ಬಿಡಿ. ಉಲ್ಟಾ ಕರೆಂಟಿನಲ್ಲಿ ಕ್ರೋಮ್ ಬಿಡಿಸುವಾಗ ಹೊರಬರುವ ಹಳದಿ ನೀರು ಹೆಕ್ಸಾವೇಲೆಂಟ್ ಕ್ರೋಮಿಯಂ, ಕ್ಯಾನ್ಸರ್ ತರುವ ವಿಷ. ಮನೆಯ ಹಿತ್ತಲಲ್ಲಿ ಮಾಡುವ ಕೆಲಸವಲ್ಲ.

ಹಸಿ ಕಬ್ಬಿಣ ಮನೆಗೆ ಬಂದ ದಿನವೇ ಪ್ರೈಮರ್ ಕಾಣಬೇಕು. ಮಳೆಗಾಲದಲ್ಲಿ, ಕರಾವಳಿಯಲ್ಲಿ, ಒಂದೇ ರಾತ್ರಿಯಲ್ಲಿ ಕೆಂಪಾಗುತ್ತದೆ.

ಪೇಂಟ್_ಬೂತ್:
ಮೊದಲು ಲೋಹ ಯಾವುದೆಂದು ತಿಳಿದುಕೊಳ್ಳಿ. ಮ್ಯಾಗ್ನೆಟ್ ಗಟ್ಟಿಯಾಗಿ ಹಿಡಿದರೆ ಕಬ್ಬಿಣ. ಸ್ವಲ್ಪವೇ ಎಳೆದರೆ ಮೋಸ ಹೋಗಬೇಡಿ, ಕ್ರೋಮ್ ಕೆಳಗಿರುವ ನಿಕಲ್ ಪದರಕ್ಕೂ ಮ್ಯಾಗ್ನೆಟ್ ಎಳೆಯುತ್ತದೆ. ಬೆನ್ನಲ್ಲಿ ಅರದಿಂದ ಗೀರಿ: ಹಳದಿ ಬಂದರೆ ಹಿತ್ತಾಳೆ, ಬೂದು ಬಣ್ಣ ಮತ್ತು ಕೈಗೆ ಭಾರ ಅನಿಸಿದರೆ ಮಜಾಕ್, ಅಂದರೆ ಸತುವಿನ ಎರಕ. ಗುಳ್ಳೆ ಎದ್ದ ನಿಮ್ಮ ಕವರ್ ಬಹುಶಃ ಇದೇ.

ಬಂಪರ್ (ಕ್ರೋಮ್ ಇಲ್ಲದ ಹಸಿ ಕಬ್ಬಿಣ): ಗ್ರೀಸ್ ರಿಮೂವರ್‌ನಿಂದ ಎರಡು ಸಲ ಒರೆಸಿ, ಪ್ರತಿ ಸಲವೂ ಬೇರೆ ಬಟ್ಟೆ. ಉಜ್ಜುವ ಮುಂಚೆಯೇ ಒರೆಸಬೇಕು, ಇಲ್ಲದಿದ್ದರೆ ಎಣ್ಣೆಯನ್ನು ಗೀರುಗಳೊಳಗೆ ತುಂಬಿದಂತಾಗುತ್ತದೆ. 180ರ ಪೇಪರ್, ಮತ್ತೆ ಒರೆಸಿ, ಎಪಾಕ್ಸಿ ಪ್ರೈಮರ್ ಎರಡು ಕೋಟ್, ಬೆನ್ನಿಗೂ ಸೇರಿಸಿ. ಡೆಂಟ್ ತುಂಬುವುದಿದ್ದರೆ ಎಪಾಕ್ಸಿ ಮೇಲೆ, ಟಿಂಕರಿಂಗ್ ಮುಗಿದ ಬಳಿಕ 2 ಮಿ.ಮೀ. ಮೀರದಂತೆ. ನಂತರ 2ಕೆ ಸರ್ಫೇಸರ್ (ಹಾರ್ಡನರ್ ಕಲಸಿ ಹೊಡೆಯುವ, ಮೇಲ್ಮೈ ಸಮ ಮಾಡುವ ಪ್ರೈಮರ್), ನೀರು ಹಾಕಿ 600ರ ಪೇಪರ್, ಕೊನೆಗೆ ಬಣ್ಣದ ಬೇಸ್ ಕೋಟ್, ಅದರ ಮೇಲೆ ಪಾರದರ್ಶಕ ಕ್ಲಿಯರ್. ಎಚ್ (etch) ಪ್ರೈಮರ್, ಅಂದರೆ ಲೋಹವನ್ನು ಕಚ್ಚಲು ಆಮ್ಲ ಇರುವ ಪ್ರೈಮರ್, ಹೊಡೆದು ಅದರ ಮೇಲೆ ಎಪಾಕ್ಸಿ ಹೊಡೆಯಬೇಡಿ. ಆಮ್ಲ ಎಪಾಕ್ಸಿಯ ಹಾರ್ಡನರ್ ಕೆಡಿಸುತ್ತದೆ. ಎರಡರಲ್ಲಿ ಒಂದು ಸಾಕು. ಗಾಳಿಯಲ್ಲಿ ತೇವ 85%ಕ್ಕಿಂತ ಹೆಚ್ಚಿದ್ದರೆ ಆ ದಿನ ಗನ್ ಎತ್ತಬೇಡಿ.

ರಿಂಗ್: ಕ್ರೋಮ್ ಗಟ್ಟಿಯಾಗಿದ್ದರೆ ತೆಗೆಸುವುದು ಬೇಡ. ಕ್ರೋಮ್ ಪದರ 1 ಮೈಕ್ರಾನ್‌ಗಿಂತ ತೆಳು. 320ರ ವಾಟರ್ ಪೇಪರ್‌ನಲ್ಲಿ ಒದ್ದೆಯಾಗಿಯೇ ಉಜ್ಜಿ, ಮಾಸ್ಕ್ ಇರಲಿ. ನೀಲಿ ಹೊಳಪು ಹೋಗಿ ತಿಳಿಹಳದಿ ಕಂಡರೆ ನಿಕಲ್ ತಲುಪಿದ್ದೀರಿ. ಆಮೇಲೆ ಎಪಾಕ್ಸಿ. ಮಡಚಿದ ಅಂಚಿನಲ್ಲಿ ಹೊಳಪು ಉಳಿದರೆ ಬಣ್ಣ ಏಳುವುದು ಅಲ್ಲಿಂದಲೇ.

ಮಜಾಕ್_ಕೆಲಸ:
ಬಂಪರ್ ವಿಷಯ ಒಪ್ಪುತ್ತೇನೆ. ದೀಪದ ಕವರ್‌ಗೆ ಮಾತ್ರ ಬೇರೆ ಲೆಕ್ಕ. ಹೈಡ್ರೋಕ್ಲೋರಿಕ್ ಆಸಿಡ್‌ಗೆ ಹಾಕಿದರೆ ಕ್ರೋಮ್ ಜೊತೆ ಮಜಾಕ್ ಕೂಡ ಕರಗುತ್ತದೆ. ಗುಳ್ಳೆಯ ಕೆಳಗೆ ಬಿಳಿ ಪುಡಿ ತುಂಬಿದ ಗುಂಡಿ ಇರುತ್ತದೆ. ಸಣ್ಣ ಬಿಟ್ ಹಾಕಿ ಹೊಳೆಯುವ ಲೋಹ ಕಾಣುವವರೆಗೆ ಕೊರೆದು, ಬಿಸಿನೀರಲ್ಲಿ ತೊಳೆದು, ಒಣಗಿಸಿ, ಎರಡು ಭಾಗ ಕಲಸುವ ಎಪಾಕ್ಸಿ ಪುಟ್ಟಿ ತುಂಬಿ. ಪುಡಿ ಉಳಿದರೆ ಅದೇ ಗುಳ್ಳೆ ಮತ್ತೆ ಏಳುತ್ತದೆ. ಪೌಡರ್ ಕೋಟಿಂಗ್ ಬೇಡವೇ ಬೇಡ: 180-200 ಡಿಗ್ರಿಯಲ್ಲಿ ಎರಕದೊಳಗಿನ ಗಾಳಿ ಹೊರಬಂದು ಸೂಜಿ ತೂತು ಬೀಳುತ್ತವೆ.

ಮಾರ್ಕ್3_ತುಮಕೂರು:
ತುಂಬಾ ಧನ್ಯವಾದ ಸರ್. ಫಿಟ್ಟಿಂಗ್ ಮಾಡುವಾಗ ಗಮನಿಸಬೇಕಾದ್ದು ಏನಾದರೂ ಇದೆಯೇ?

ಪೇಂಟ್_ಬೂತ್:
ಇದೆ. ಬಣ್ಣದ ಪದರಗಳೆಲ್ಲ ಸೇರಿ 150 ಮೈಕ್ರಾನ್ ದಾಟಬಹುದು, ಕ್ರೋಮ್ ಲೇಪಕ್ಕಿಂತ ಎಷ್ಟೋ ದಪ್ಪ. ಪ್ರೈಮರ್‌ಗೂ ಮುಂಚೆ ಎಲ್ಲವನ್ನೂ ಗಾಡಿಗೆ ಕೂರಿಸಿ ನೋಡಿ. ರಿಂಗ್ ಕ್ಲಿಪ್ಪಿಗೆ ಬಿಗಿ ಎನಿಸಿದರೆ ಒಳ ಅಂಚಿಗೆ ಎಪಾಕ್ಸಿ ಮಾತ್ರ ಸಾಕು. ಬಂಪರ್ ಬೋಲ್ಟ್ ತಲೆಗಳಿಗೆ ಬೇರೆಯಾಗಿ ಬಣ್ಣ ಹೊಡೆದು ನೈಲಾನ್ ವಾಷರ್ ಹಾಕಿ, ಇಲ್ಲವಾದರೆ ಬಿಗಿಸುವಾಗಲೇ ಬಿರುಕು. ದೀಪದ ಅರ್ತ್ ಕವರ್ ಮೂಲಕ ಹೋಗುತ್ತಿದ್ದರೆ ಸ್ಕ್ರೂ ಕೂರುವ ಜಾಗಕ್ಕೆ ಟೇಪ್ ಹಚ್ಚಿ ಬಣ್ಣದಿಂದ ಉಳಿಸಿ, ಅಥವಾ ಪ್ರತ್ಯೇಕ ಅರ್ತ್ ವೈರ್ ಎಳೆಯಿರಿ. ದೀಪ ಹತ್ತದಿದ್ದರೆ ಬಲ್ಬ್ ಬದಲಿಸುವ ಮುಂಚೆ ಅದನ್ನೇ ನೋಡಿ.